ಹಿರಿಯರ ರೈಲು ರಿಯಾಯಿತಿ: ಬಂದದ್ದು ಹೇಗೆ, ಹೋದದ್ದು ಹೇಗೆ



ಮನೆಯಲ್ಲಿ ತಾತನೋ ಅಜ್ಜಿಯೋ ಇದ್ದರೆ, ಅವರಿಗಾಗಿ ರೈಲಿನ ಟಿಕೆಟ್ ಕಾಯ್ದಿರಿಸುವ ಕೆಲಸ ಒಮ್ಮೆಯಾದರೂ ನಿಮ್ಮ ಪಾಲಿಗೆ ಬಂದಿರಬಹುದು. ಈಗ ನೀವು ಅದನ್ನು ಮೊಬೈಲಿನಲ್ಲೇ ಮುಗಿಸಿಬಿಡುತ್ತೀರಿ. ನಿಮ್ಮ ತಂದೆ ತಾಯಿಯರು ಅದಕ್ಕಾಗಿ ನಿಲ್ದಾಣದ ಕಿಟಕಿಯ ಮುಂದೆ ಸಾಲು ನಿಂತು, ಒಂದು ಅಚ್ಚಾದ ಫಾರಂ ತುಂಬಿ ಕೊಡುತ್ತಿದ್ದರು. ರೈಲಿನ ಸಂಖ್ಯೆ, ದಿನಾಂಕ, ಹೊರಡುವ ಊರು, ಸೇರುವ ಊರು, ಹೆಸರು, ವಯಸ್ಸು, ಇಷ್ಟೆಲ್ಲ ಬರೆದ ಮೇಲೆ ಅದರಲ್ಲಿ ಒಂದು ಪುಟ್ಟ ಚೌಕ ಉಳಿಯುತ್ತಿತ್ತು. ಹಿರಿಯ ನಾಗರಿಕರ ರಿಯಾಯಿತಿ ಬೇಕಿದ್ದರೆ ಆ ಚೌಕದಲ್ಲಿ ‘ಹೌದು’ ಎಂದು ಬರೆಯಬೇಕಿತ್ತು. ಆ ಒಂದು ಪದದಿಂದ, 58 ವರ್ಷ ತುಂಬಿದ ಅಜ್ಜಿಯ ಟಿಕೆಟ್ಟಿನ ಮೂಲದರ ಅರ್ಧಕ್ಕೆ ಇಳಿಯುತ್ತಿತ್ತು. 60 ತುಂಬಿದ ತಾತನ ದರದಲ್ಲಿ ನೂರಕ್ಕೆ 40 ರೂಪಾಯಿ ಕಡಿಮೆಯಾಗುತ್ತಿತ್ತು. ಟಿಕೆಟ್ ಕೊಳ್ಳುವಾಗ ಯಾವ ದಾಖಲೆಯನ್ನೂ ಕೇಳುತ್ತಿರಲಿಲ್ಲ. ಪ್ರಯಾಣದ ಹೊತ್ತಿನಲ್ಲಿ ವಯಸ್ಸು ತೋರಿಸುವ ಒಂದು ಚೀಟಿ ಜೇಬಿನಲ್ಲಿದ್ದರೆ ಸಾಕಾಗಿತ್ತು.

2020ರ ಮಾರ್ಚ್ 20ರಿಂದ ಆ ‘ಹೌದು’ ಎಂಬ ಮಾತಿಗೆ ಬೆಲೆಯಿಲ್ಲದಂತಾಯಿತು. ಆ ಚೌಕಕ್ಕೆ ಬೆಲೆ ಬಂದದ್ದು ಹೇಗೆ, ಹೋದದ್ದು ಹೇಗೆ, ಅದರಿಂದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿರಿಯರಿಗೆ ಆದದ್ದೇನು ಎಂಬುದನ್ನು ಇಂದು ನೋಡೋಣ.

ಮೊದಲು ನಮ್ಮ ಜಿಲ್ಲೆಯ ಹಳಿಗಳ ಪರಿಚಯ ಮಾಡಿಕೊಳ್ಳೋಣ. ದೊಡ್ಡಬಳ್ಳಾಪುರ ಬೆಂಗಳೂರು–ಗುಂತಕಲ್ ಮಾರ್ಗದಲ್ಲಿದೆ. ಯಲಹಂಕ, ರಾಜಾನುಕುಂಟೆ ದಾಟಿ ಬಂದ ಗಾಡಿ ದೊಡ್ಡಬಳ್ಳಾಪುರದಿಂದ ಮುಂದೆ ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಬಳಸಿಕೊಂಡು ಗೌರಿಬಿದನೂರು, ಹಿಂದೂಪುರ, ಧರ್ಮಾವರಂ ಕಡೆಗೆ ಹೋಗುತ್ತದೆ. ದೇವನಹಳ್ಳಿ ಇರುವುದು ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆ ಸೇರುವ ಮಾರ್ಗದಲ್ಲಿ. ಒಂದು ಕಾಲದಲ್ಲಿ ಇಲ್ಲಿ ಕಿರುಹಳಿಯ ಪುಟ್ಟ ರೈಲು ಓಡುತ್ತಿತ್ತು. ಈಗ ಅದೇ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನ ಒಂದು ನಿಲುಗಡೆಯೂ ಇದೆ. 2021ರ ಜನವರಿಯಲ್ಲಿ ಅಲ್ಲಿ ರೈಲುಗಳು ನಿಲ್ಲತೊಡಗಿದವು. ನೆಲಮಂಗಲದಿಂದ ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ಹೋಗುವ ನೇರ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ಹೊಸಕೋಟೆ ಪಟ್ಟಣಕ್ಕೆ ಮಾತ್ರ ರೈಲಿಲ್ಲ. ಅಲ್ಲಿನವರು ವೈಟ್‌ಫೀಲ್ಡಿಗೋ ದೇವನಗೊಂದಿಗೋ ಹೋಗಿ ಗಾಡಿ ಹತ್ತಬೇಕು.

ಈ ಊರುಗಳ ಹಿರಿಯರು ರೈಲಿನಲ್ಲಿ ಎರಡು ಬಗೆಯ ಪ್ರಯಾಣ ಮಾಡುತ್ತಾರೆ. ಒಂದು, ಬೆಂಗಳೂರಿನ ಆಸ್ಪತ್ರೆಗೋ ಮಗಳ ಮನೆಗೋ ಕಚೇರಿಗೋ ಹೋಗಿ ಸಂಜೆಗೆ ಮರಳುವ ಹತ್ತಿರದ ಪ್ರಯಾಣ. ಇನ್ನೊಂದು, ಮಂತ್ರಾಲಯ, ಪುಟ್ಟಪರ್ತಿ, ಕಾಶಿ ಎಂದು ವರ್ಷಕ್ಕೊಮ್ಮೆಯೋ ಜೀವಮಾನದಲ್ಲಿ ಒಮ್ಮೆಯೋ ಕೈಗೊಳ್ಳುವ ದೂರದ ಪ್ರಯಾಣ. ರಿಯಾಯಿತಿಯ ವಿಷಯದಲ್ಲಿ ಇವೆರಡಕ್ಕೂ ಬಹಳ ವ್ಯತ್ಯಾಸವಿದೆ. ಪತ್ರಿಕೆಯ ಸುದ್ದಿಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಆದುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹತ್ತಿರದ ಪ್ರಯಾಣವನ್ನೇ ತೆಗೆದುಕೊಳ್ಳಿ. ಹಿರಿಯರ ರಿಯಾಯಿತಿಯನ್ನು ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ದರದ ಮೇಲೆ ಲೆಕ್ಕ ಹಾಕುತ್ತಿದ್ದರು. ಊರೂರಿಗೆ ನಿಲ್ಲುವ ಪ್ಯಾಸೆಂಜರ್ ಗಾಡಿಯ ದರ ಮೊದಲೇ ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ ಅಜ್ಜಿಗೆ ಈ ರಿಯಾಯಿತಿಯಿಂದ ದೊಡ್ಡ ಲಾಭವೇನೂ ಇರಲಿಲ್ಲ, ಅದು ಹೋದಾಗ ದೊಡ್ಡ ನಷ್ಟವೂ ಆಗಲಿಲ್ಲ. ಆಕೆಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಕೋವಿಡ್ ಕಾಲದಲ್ಲಿ ನಿಂತುಹೋದ ಪ್ಯಾಸೆಂಜರ್ ಗಾಡಿಗಳನ್ನು ಮತ್ತೆ ಓಡಿಸತೊಡಗಿದಾಗ, ರೈಲ್ವೆಯು ಅವುಗಳಿಗೆ ಎಕ್ಸ್‌ಪ್ರೆಸ್ ದರವನ್ನೇ ವಿಧಿಸಿತು. ಗಾಡಿ ಅದೇ, ನಿಲ್ಲುವ ಊರುಗಳೂ ಅವೇ, ಆದರೆ ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ರೂಪಾಯಿ ಆಯಿತು. ಇದು ತಾತ–ಅಜ್ಜಿಯರಿಗಷ್ಟೇ ಅಲ್ಲ, ಹೂವು ಸೊಪ್ಪು ಹೊತ್ತು ಬರುವವರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಬರುವವರಿಗೆ, ಎಲ್ಲರಿಗೂ ಬಿದ್ದ ಹೊರೆ. 2024ರ ಫೆಬ್ರುವರಿ ಕೊನೆಯಲ್ಲಿ ಮೆಮು ಗಾಡಿಗಳಿಗೂ, ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯ ಇತರ ಗಾಡಿಗಳಿಗೂ ಹಳೆಯ ಸಾಮಾನ್ಯ ದರ ಮರಳಿತು. ಅಂದರೆ ಕೋವಿಡ್ ಹೆಸರಿನಲ್ಲಿ ಬಂದ ಒಂದು ಏರಿಕೆಯನ್ನು ನಾಲ್ಕು ವರ್ಷಗಳ ಬಳಿಕ ಹಿಂತೆಗೆದುಕೊಂಡರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ದೂರದ ಪ್ರಯಾಣ. ದೊಡ್ಡಬಳ್ಳಾಪುರ ಮಗ್ಗಗಳ ಊರು. ಬೀದಿಯಲ್ಲಿ ನಡೆದು ಹೋದರೆ ಮನೆಮನೆಯಿಂದಲೂ ವಿದ್ಯುತ್ ಮಗ್ಗದ ಸದ್ದು ಕೇಳುತ್ತದೆ. ಜೀವನವಿಡೀ ಮಗ್ಗದ ಮುಂದೆ ಕಳೆದ ಒಬ್ಬ ತಾತ ಮತ್ತು ಅಜ್ಜಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಇಬ್ಬರಿಗೂ 65 ದಾಟಿದೆ. ಅವರಿಗೆ ಸ್ಲೀಪರ್ ದರ್ಜೆಯಲ್ಲಿ ಒಂದು ದೂರದ ಊರಿಗೆ ಹೋಗಿಬರಬೇಕೆಂಬ ಆಸೆ. ಲೆಕ್ಕಕ್ಕೆ ಸುಲಭವಾಗಲೆಂದು ಆ ಟಿಕೆಟ್ಟಿನ ಮೂಲದರ ತಲೆಗೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ಹಿಂದಿನ ನಿಯಮದಂತೆ ತಾತನಿಗೆ 240, ಅಜ್ಜಿಗೆ 200, ಒಟ್ಟು 440 ರೂಪಾಯಿ. ಕಾಯ್ದಿರಿಸುವ ಶುಲ್ಕಕ್ಕೆ ರಿಯಾಯಿತಿ ಇರಲಿಲ್ಲ. ತಲೆಗೆ 20 ರೂಪಾಯಿಯಂತೆ ಅದನ್ನು ಸೇರಿಸಿದರೆ 480. ಈಗ ಅದೇ ಪ್ರಯಾಣಕ್ಕೆ 800 ಮತ್ತು 40, ಒಟ್ಟು 840 ರೂಪಾಯಿ. ಒಂದು ಕಡೆಗೆ 360 ಹೆಚ್ಚು. ಹೋಗಿ ಬರಲು 720 ಹೆಚ್ಚು.

720 ರೂಪಾಯಿ ಏನು ಮಹಾ ಎಂದು ನಿಮಗೆ ಅನಿಸಬಹುದು. ನಮ್ಮ ರಾಜ್ಯದಲ್ಲಿ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆ ಎಂಬುದೊಂದಿದೆ. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು ಮೊದಲಾದ ಬಡ ದುಡಿಮೆಗಾರರಿಗೆ 65 ವರ್ಷದ ನಂತರ ಮಾಸಾಶನ ಕೊಡುವ ಯೋಜನೆ ಅದು. 2021ರಲ್ಲಿ ಅದರ ಮೊತ್ತ ತಿಂಗಳಿಗೆ 1,200 ರೂಪಾಯಿಗೆ ಏರಿತು. ಈಗ ಆ 720ನ್ನು ಈ 1,200ರ ಪಕ್ಕದಲ್ಲಿಟ್ಟು ನೋಡಿ.

ಬಸ್ಸಿನಲ್ಲಿ ಹೋಗಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಕೆ.ಎಸ್.ಆರ್.ಟಿ.ಸಿ.ಯಲ್ಲಿ 60 ದಾಟಿದ ಕರ್ನಾಟಕದ ನಿವಾಸಿಗಳಿಗೆ ಶೇಕಡಾ 25 ರಿಯಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ. ಆದರೆ ಶಕ್ತಿ ಯೋಜನೆ ರಾಜ್ಯದ ಗಡಿಯೊಳಗೆ ಮಾತ್ರ. ದೊಡ್ಡಬಳ್ಳಾಪುರದ ಹಳಿಯಾದರೋ ಗೌರಿಬಿದನೂರು ದಾಟುತ್ತಲೇ ಆಂಧ್ರದೊಳಗೆ ಇಳಿಯುತ್ತದೆ. ಹಿಂದೂಪುರ, ಪುಟ್ಟಪರ್ತಿ, ಮಂತ್ರಾಲಯ ಎಲ್ಲವೂ ಆಚೆ ಕಡೆ. ನಮ್ಮಂತೆಯೇ ರೇಷ್ಮೆ ಸೀರೆ ನೇಯುವ ಧರ್ಮಾವರವೂ ಆಚೆಯೇ. ಅಲ್ಲದೆ ಮಂಡಿನೋವಿನ, ಸಕ್ಕರೆ ಕಾಯಿಲೆಯ ಹಿರಿಯರಿಗೆ ರೈಲೇ ಅನುಕೂಲ. ಬೋಗಿಯಲ್ಲೇ ಶೌಚಾಲಯ ಉಂಟು, ಕಾಲು ಚಾಚಿ ಮಲಗಬಹುದು. ಎಂಟು ಗಂಟೆ ಬಸ್ಸಿನಲ್ಲಿ ಕುಳಿತುಬಂದ ತಾತನನ್ನು ಕೇಳಿ ನೋಡಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಅವರೇ ಹೇಳುತ್ತಾರೆ.

ಈಗ ಚರಿತ್ರೆಗೆ ಬರೋಣ. ಹಿರಿಯರ ರಿಯಾಯಿತಿ ಒಂದೇ ದಿನ ಇಳಿದುಬಂದದ್ದಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬೆಳೆದದ್ದು. 2008ಕ್ಕೆ ಮುಂಚೆ ಹೆಂಗಸರಿಗೂ ಗಂಡಸರಿಗೂ ಅದು ಶೇಕಡಾ 30 ಇತ್ತು. 2008–09ರ ರೈಲ್ವೆ ಬಜೆಟ್ಟಿನಲ್ಲಿ ಅಂದಿನ ಮಂತ್ರಿ ಲಾಲು ಪ್ರಸಾದ್ ಅವರು ಹಿರಿಯ ಮಹಿಳೆಯರ ರಿಯಾಯಿತಿಯನ್ನು ಶೇಕಡಾ 50ಕ್ಕೆ ಏರಿಸಿದರು. 2011–12ರ ಬಜೆಟ್ಟಿನಲ್ಲಿ ಮಮತಾ ಬ್ಯಾನರ್ಜಿ ಅವರು ಗಂಡಸರದನ್ನು ಶೇಕಡಾ 40ಕ್ಕೆ ಏರಿಸಿ, ಮಹಿಳೆಯರ ಅರ್ಹತೆಯ ವಯಸ್ಸನ್ನು 60ರಿಂದ 58ಕ್ಕೆ ಇಳಿಸಿದರು.

ಇವೆರಡನ್ನೂ ಲೋಕಸಭೆಯಲ್ಲಿ ಎದ್ದು ನಿಂತು ಘೋಷಿಸಲಾಯಿತು ಎಂಬುದನ್ನು ಗಮನಿಸಿ. ಆಗ ರೈಲ್ವೆಗೆ ತನ್ನದೇ ಪ್ರತ್ಯೇಕ ಬಜೆಟ್ ಇತ್ತು. 1924ರಿಂದ ನಡೆದುಬಂದ ಪದ್ಧತಿ ಅದು. ಫೆಬ್ರುವರಿ ತಿಂಗಳು ಬಂತೆಂದರೆ ನಮ್ಮೂರಿಗೆ ಯಾವ ಹೊಸ ಗಾಡಿ, ಯಾವ ದರ ಏರಿತು, ಯಾರಿಗೆ ರಿಯಾಯಿತಿ ಎಂದು ಮನೆಮಂದಿಯೆಲ್ಲ ರೇಡಿಯೋ, ದೂರದರ್ಶನದ ಮುಂದೆ ಕೂರುತ್ತಿದ್ದರು. ಕನ್ನಡ ನಾಡಿನ ಸಿ. ಕೆ. ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಡಿ. ವಿ. ಸದಾನಂದಗೌಡ ಅವರೂ ರೈಲ್ವೆ ಬಜೆಟ್ ಮಂಡಿಸಿದ್ದುಂಟು. ಮಂತ್ರಿಯ ಭಾಷಣ, ಮೇಜು ಕುಟ್ಟುವ ಸದ್ದು, ಮರುದಿನದ ಪತ್ರಿಕೆಯಲ್ಲಿ ಪುಟಗಟ್ಟಲೆ ವಿವರ. 2017ರಿಂದ ಆ ಪ್ರತ್ಯೇಕ ಬಜೆಟ್ ಸಾಮಾನ್ಯ ಬಜೆಟ್ಟಿನಲ್ಲಿ ಸೇರಿಹೋಯಿತು. ಅದರಿಂದ ಆಡಳಿತಕ್ಕೆ ಅನುಕೂಲವೇ ಆಗಿರಬಹುದು. ಆದರೆ ಟಿಕೆಟ್ಟಿನ ದರದಂತಹ ಸಣ್ಣ ಸಂಗತಿಗಳು ಎಲ್ಲರ ಕಿವಿಗೆ ಬೀಳುತ್ತಿದ್ದ ಆ ಒಂದು ದಿನ ನಮ್ಮ ಕೈತಪ್ಪಿತು.

ಈ ನಡುವೆ ಇನ್ನೊಂದು ಪ್ರಯೋಗ ನಡೆದಿತ್ತು. ಅಡುಗೆ ಅನಿಲದ ಸಹಾಯಧನವನ್ನು ಉಳ್ಳವರು ತಾವಾಗಿ ಬಿಟ್ಟುಕೊಡಿ ಎಂದು ಸರ್ಕಾರ ಕೇಳಿಕೊಂಡದ್ದು ನಿಮಗೆ ಗೊತ್ತಿರಬಹುದು. ಅದೇ ಧಾಟಿಯಲ್ಲಿ 2016ರಲ್ಲಿ ಹಿರಿಯರ ರಿಯಾಯಿತಿ ಐಚ್ಛಿಕವಾಯಿತು. 2017ರಲ್ಲಿ ಪೂರ್ತಿಯಾಗಿ ಇಲ್ಲವೇ ಅರ್ಧದಷ್ಟು ಬಿಟ್ಟುಕೊಡುವ ಅವಕಾಶ ಬಂತು. ಬಿಟ್ಟುಕೊಟ್ಟವರೆಷ್ಟು ಮಂದಿ? ಮಹಾಲೇಖಪಾಲರ ವರದಿಯ ಪ್ರಕಾರ, 4.41 ಕೋಟಿ ಹಿರಿಯ ಪ್ರಯಾಣಿಕರಲ್ಲಿ ಅರ್ಧ ಬಿಟ್ಟುಕೊಟ್ಟವರು 7.53 ಲಕ್ಷ, ಪೂರ್ತಿ ಬಿಟ್ಟುಕೊಟ್ಟವರು 10.9 ಲಕ್ಷ. ಎರಡನ್ನೂ ಸೇರಿಸಿದರೂ ನೂರಕ್ಕೆ ಐದು ಮಂದಿ ಆಗಲಿಲ್ಲ. ಇದನ್ನು ಹಿರಿಯರ ಆಸೆಬುರುಕತನ ಎಂದು ಹೇಳಿದವರಿದ್ದಾರೆ. ಹೆಚ್ಚಿನವರಿಗೆ ಅದು ಬೇಕಾಗಿಯೇ ಇತ್ತು ಎಂಬುದಕ್ಕೆ ಸಾಕ್ಷಿ ಎಂದು ನಾನು ಓದಿಕೊಳ್ಳುತ್ತೇನೆ.

ಹೀಗಿರುವಾಗ 2020ರ ಮಾರ್ಚ್ ಬಂತು. ಕೊರೋನಾ ಸೋಂಕು ಹರಡುತ್ತಿತ್ತು. ದೇಶದ ಲಾಕ್‌ಡೌನ್ ಇನ್ನೂ ಘೋಷಣೆಯಾಗಿರಲಿಲ್ಲ. ಅನಗತ್ಯ ಪ್ರಯಾಣವನ್ನು ತಡೆಯುವ ಉದ್ದೇಶದಿಂದ, ಮಾರ್ಚ್ 20ರಿಂದ ರಿಯಾಯಿತಿ ಟಿಕೆಟ್ಟುಗಳನ್ನು ನಿಲ್ಲಿಸಲಾಗಿದೆ ಎಂದು ರೈಲ್ವೆ ಪ್ರಕಟಿಸಿತು. ಆಗ ಐವತ್ತಕ್ಕೂ ಹೆಚ್ಚು ಬಗೆಯ ರಿಯಾಯಿತಿಗಳಿದ್ದವು. ಅವುಗಳಲ್ಲಿ ಅಂಗವಿಕಲರು, ರೋಗಿಗಳು ಮತ್ತು ವಿದ್ಯಾರ್ಥಿಗಳಿಗೆ ಸೇರಿದವನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ನಿಲ್ಲಿಸಿದರು. ಅಂದಿನ ಮಟ್ಟಿಗೆ ಆ ನಿರ್ಧಾರದಲ್ಲಿ ತಪ್ಪೇನೂ ಕಾಣುವುದಿಲ್ಲ. ಆ ಸೋಂಕಿನಿಂದ ಹೆಚ್ಚು ಅಪಾಯವಿದ್ದದ್ದು ಹಿರಿಯರಿಗೇ. ಅಗ್ಗದ ಟಿಕೆಟ್ ಕೊಟ್ಟು ಅವರನ್ನು ಜನಜಂಗುಳಿಗೆ ಕರೆಯುವುದು ವಿವೇಕವಾಗುತ್ತಿರಲಿಲ್ಲ.

ತೊಡಕಿರುವುದು ಅದರ ಮುಂದಿನ ಕಥೆಯಲ್ಲಿ. ಗಾಡಿಗಳೆಲ್ಲ ಮೊದಲಿನಂತೆ ಓಡತೊಡಗಿದವು. ಮುಖಗವಸು ಹೋಯಿತು. ಜಾತ್ರೆ, ಮದುವೆ, ಪರೀಕ್ಷೆಗಳೆಲ್ಲ ಮರಳಿದವು. ಹಿರಿಯರೂ ಮತ್ತೆ ಪ್ರಯಾಣ ಮಾಡತೊಡಗಿದರು. ಯಾವ ಕಾರಣಕ್ಕಾಗಿ ರಿಯಾಯಿತಿಯನ್ನು ನಿಲ್ಲಿಸಿದ್ದರೋ ಆ ಕಾರಣ ತೀರಿಹೋಯಿತು. ರಿಯಾಯಿತಿ ಮಾತ್ರ ಮರಳಲಿಲ್ಲ. ಆರೋಗ್ಯದ ಕಾರಣ ಹೊತ್ತು ಬಂದ ಆದೇಶ ಹಣಕಾಸಿನ ಕಾರಣ ಹೊತ್ತುಕೊಂಡು ಉಳಿಯಿತು. ಸೇರುವಾಗ ಸಂಸತ್ತಿನ ಭಾಷಣದಲ್ಲಿ ಸೇರಿದ್ದು, ಹೊರಹೋಗುವಾಗ ಒಂದು ತುರ್ತು ಪ್ರಕಟಣೆಯಲ್ಲಿ ಹೊರಹೋಯಿತು. ಇನ್ನು ಹಿರಿಯರಿಗೆ ರಿಯಾಯಿತಿ ಕೊಡುವುದಿಲ್ಲ ಎಂದು ಯಾವ ಮಂತ್ರಿಯೂ ಬಜೆಟ್ ಭಾಷಣದಲ್ಲಿ ಹೇಳಬೇಕಾಗಿ ಬರಲೇ ಇಲ್ಲ.

ಕೇಳಿದವರಿಲ್ಲ ಎಂದಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. 2022ರ ಆಗಸ್ಟಿನಲ್ಲಿ ರೈಲ್ವೆ ಕುರಿತ ಸಂಸದೀಯ ಸ್ಥಾಯಿ ಸಮಿತಿಯು, ಕಡೆಯ ಪಕ್ಷ ಸ್ಲೀಪರ್ ಮತ್ತು ಮೂರನೇ ಹವಾನಿಯಂತ್ರಿತ ದರ್ಜೆಯಲ್ಲಾದರೂ ಇದನ್ನು ಮತ್ತೆ ಕೊಡುವುದನ್ನು ಪರಿಶೀಲಿಸಿ ಎಂದು ಶಿಫಾರಸು ಮಾಡಿತು. 2023ರ ಏಪ್ರಿಲಿನಲ್ಲಿ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದು ಸರ್ಕಾರದ ನೀತಿಗೆ ಸೇರಿದ್ದು, ನ್ಯಾಯಾಲಯ ಆದೇಶ ಕೊಡುವುದು ಸರಿಯಲ್ಲ ಎಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು.

ರೈಲ್ವೆಯ ವಾದವನ್ನೂ ನಾವು ಕೇಳಬೇಕು. ರೈಲ್ವೆ ಮಂತ್ರಿ ಅಶ್ವಿನಿ ವೈಷ್ಣವ್ ಅವರು ಸಂಸತ್ತಿಗೆ ಕೊಟ್ಟ ಉತ್ತರಗಳ ಸಾರ ಇಷ್ಟು: ರೈಲ್ವೆ ಪ್ರತಿಯೊಬ್ಬ ಪ್ರಯಾಣಿಕನನ್ನೂ ನಷ್ಟದಲ್ಲೇ ಸಾಗಿಸುತ್ತಿದೆ. 100 ರೂಪಾಯಿ ಖರ್ಚಾಗುವ ಸೇವೆಗೆ 54 ರೂಪಾಯಿ ಮಾತ್ರ ಪಡೆಯುತ್ತಿದೆ. 2022–23ರಲ್ಲಿ ಹೀಗೆ ಪ್ರಯಾಣಿಕರಿಗೆ ಕೊಟ್ಟ ಸಹಾಯಧನ 56,993 ಕೋಟಿ ರೂಪಾಯಿ. ಎಲ್ಲರಿಗೂ ಸರಾಸರಿ ಶೇಕಡಾ 46 ರಿಯಾಯಿತಿ ಸಿಗುತ್ತಲೇ ಇದೆ, ಅದರಲ್ಲಿ ಹಿರಿಯರೂ ಸೇರಿದ್ದಾರೆ. ಕಲ್ಲಿದ್ದಲು, ಸಿಮೆಂಟು, ಅದಿರು ಸಾಗಿಸಿ ಗಳಿಸಿದ ಹಣದಿಂದ ಈ ನಷ್ಟವನ್ನು ತುಂಬಿಕೊಳ್ಳಲಾಗುತ್ತದೆ.

ಈ ಲೆಕ್ಕ ಸುಳ್ಳಲ್ಲ. ಆದರೆ ಇದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ ಎಂದು ನನಗೆ ತೋರುತ್ತದೆ. ಎಲ್ಲರಿಗೂ ಸಮನಾಗಿ ಸಿಗುವ ಶೇಕಡಾ 46, ದೊಡ್ಡ ಸಂಬಳದ ಅಧಿಕಾರಿಗೂ ಸಿಗುತ್ತದೆ, ಮಾಸಾಶನದ ನೇಕಾರ ತಾತನಿಗೂ ಸಿಗುತ್ತದೆ. ದುಡಿಮೆ ನಿಂತವರಿಗೆ, ದುಡಿಯುವವರಿಗಿಂತ ಸ್ವಲ್ಪ ಹೆಚ್ಚು ಆಸರೆ ಬೇಕೇ ಬೇಡವೇ ಎಂಬುದು ಹಿರಿಯರು ಕೇಳುತ್ತಿರುವ ಪ್ರಶ್ನೆ.

ಮೊತ್ತವನ್ನೂ ಅಳೆದು ನೋಡೋಣ. ಹಿರಿಯರ ರಿಯಾಯಿತಿ ಜಾರಿಯಲ್ಲಿದ್ದ ಕೊನೆಯ ವರ್ಷ, ಅಂದರೆ 2019–20ರಲ್ಲಿ, ಅದರಿಂದ ರೈಲ್ವೆ ಬಿಟ್ಟುಕೊಟ್ಟ ಆದಾಯ ಸುಮಾರು 1,667 ಕೋಟಿ ರೂಪಾಯಿ. ಅದೇ ವರ್ಷ ಎಲ್ಲ ಪ್ರಯಾಣಿಕರಿಗೂ ಸೇರಿ ಕೊಟ್ಟ ಸಹಾಯಧನ 59,837 ಕೋಟಿ. ಮೊದಲನೆಯದನ್ನು ಎರಡನೆಯದರ ಪಕ್ಕದಲ್ಲಿಟ್ಟರೆ ನೂರಕ್ಕೆ ಮೂರೂ ಆಗುವುದಿಲ್ಲ. ಇನ್ನೊಂದು ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಮಾಹಿತಿ ಹಕ್ಕಿನಡಿ ಹೊರಬಂದ ಅಂಕಿ ಅಂಶದಂತೆ, 2020ರ ಮಾರ್ಚ್ 20ರಿಂದ 2025ರ ಫೆಬ್ರುವರಿ 28ರವರೆಗೆ 31.35 ಕೋಟಿ ಹಿರಿಯ ಪ್ರಯಾಣಿಕರು ರಿಯಾಯಿತಿಯಿಲ್ಲದೆ ಪ್ರಯಾಣ ಮಾಡಿದ್ದಾರೆ. ಅದರಿಂದ ರೈಲ್ವೆಗೆ ಬಂದ ಹೆಚ್ಚುವರಿ ಆದಾಯ 8,913 ಕೋಟಿ ರೂಪಾಯಿ. ಭಾಗಿಸಿದರೆ ಒಂದು ಪ್ರಯಾಣಕ್ಕೆ, ಒಬ್ಬರಿಗೆ, ಸರಾಸರಿ 284 ರೂಪಾಯಿ. ರೈಲ್ವೆಯ ದೊಡ್ಡ ಪುಸ್ತಕದಲ್ಲಿ ಅದು ಎದ್ದು ಕಾಣದ ಅಂಕಿ. 1,200 ರೂಪಾಯಿ ಮಾಸಾಶನ ಪಡೆಯುವ ಅಜ್ಜಿಗಾದರೆ ತಿಂಗಳ ಹಣದಲ್ಲಿ ಕಾಲು ಪಾಲಿಗೆ ಹತ್ತಿರ.

ಹಾಗೆಂದು ಹಳೆಯ ಪದ್ಧತಿ ಲೋಪವಿಲ್ಲದ್ದೇನೂ ಆಗಿರಲಿಲ್ಲ. ಶೇಕಡಾವಾರು ರಿಯಾಯಿತಿಯಲ್ಲಿ ಒಂದು ವಿಚಿತ್ರವಿದೆ. 400 ರೂಪಾಯಿಯ ಸ್ಲೀಪರ್ ಟಿಕೆಟ್ಟಿನಲ್ಲಿ ತಾತನಿಗೆ ಉಳಿಯುತ್ತಿದ್ದದ್ದು 160 ರೂಪಾಯಿ. 2,000 ರೂಪಾಯಿಯ ಹವಾನಿಯಂತ್ರಿತ ಟಿಕೆಟ್ ಕೊಳ್ಳುವ ಶಕ್ತಿಯಿದ್ದ ಇನ್ನೊಬ್ಬ ತಾತನಿಗೆ ಉಳಿಯುತ್ತಿದ್ದದ್ದು 800 ರೂಪಾಯಿ. ಹೆಚ್ಚು ಉಳ್ಳವರಿಗೆ ಹೆಚ್ಚು ರೂಪಾಯಿ! ಸಂಸದೀಯ ಸಮಿತಿ ಸ್ಲೀಪರ್ ಮತ್ತು ಮೂರನೇ ಎ.ಸಿ. ಎಂದು ಗೆರೆ ಎಳೆದದ್ದು ಇದೇ ಕಾರಣಕ್ಕೆ ಒಪ್ಪುವಂಥದ್ದು ಎನ್ನಿಸುತ್ತದೆ. ಬೇರೆ ದಾರಿಗಳೂ ಇವೆ. ಬ್ರಿಟನ್ನಿನಲ್ಲಿ 60 ದಾಟಿದವರು ವರ್ಷಕ್ಕೊಮ್ಮೆ ಒಂದಿಷ್ಟು ಹಣ ಕೊಟ್ಟು ಹಿರಿಯರ ರೈಲ್‌ಕಾರ್ಡ್ ಕೊಳ್ಳುತ್ತಾರೆ. ಅದನ್ನು ತೋರಿಸಿದರೆ ಬಹುತೇಕ ಟಿಕೆಟ್ಟುಗಳಲ್ಲಿ ಮೂರರಲ್ಲೊಂದು ಪಾಲು ಕಡಿಮೆ. ಲಂಡನ್ನಿನ ಸುತ್ತಮುತ್ತ, ಕೆಲಸಕ್ಕೆ ಹೋಗುವವರ ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ಮಾತ್ರ ಅದು ಸಲ್ಲದು. ನಮ್ಮಲ್ಲಿಯೂ ವರ್ಷಕ್ಕೆ ಇಷ್ಟು ಪ್ರಯಾಣ ಎಂದೋ, ಮಾಸಾಶನ ಪಡೆಯುವವರಿಗೆ ಮಾತ್ರ ಎಂದೋ, ಜನ ಕಡಿಮೆಯಿರುವ ತಿಂಗಳುಗಳಲ್ಲಿ ಎಂದೋ ಯೋಚಿಸಬಹುದಿತ್ತು. ಪೂರ್ತಿ ಕೊಡುವುದು ಮತ್ತು ಪೂರ್ತಿ ನಿಲ್ಲಿಸುವುದು, ಇವೆರಡರ ನಡುವೆ ಇಷ್ಟೊಂದು ಜಾಗವಿದೆ.

ಹೊರೆಯನ್ನು ಹಿಂತೆಗೆದುಕೊಳ್ಳುವುದು ಸಾಧ್ಯವೇ ಇಲ್ಲವೆಂದೂ ಹೇಳಲಾಗದು. ಆಗಲೇ ನೆನಪಿನಲ್ಲಿಡಿ ಎಂದಿದ್ದೆನಲ್ಲ, ಆ 30 ರೂಪಾಯಿಯ ಕನಿಷ್ಠ ದರ? ಅದೂ ಕೋವಿಡ್ ಕಾಲದ್ದೇ. ದಿನನಿತ್ಯ ಓಡಾಡುವವರು ವರ್ಷಗಟ್ಟಲೆ ಕೇಳಿದರು, ಕೊನೆಗೆ ಅದು 10ಕ್ಕೆ ಇಳಿಯಿತು. ದಿನಾ ಓಡಾಡುವವರಿಗೆ ಸಂಘವಿದೆ, ದನಿಯಿದೆ. ವರ್ಷಕ್ಕೊಮ್ಮೆ ಮಂತ್ರಾಲಯಕ್ಕೆ ಹೋಗುವ ತಾತನಿಗೆ ಸಂಘವೆಲ್ಲಿ? ಅವರು ಟಿಕೆಟ್ಟಿನ ಹಣ ಕೇಳಿ, ‘ಇರಲಿ ಬಿಡಪ್ಪ, ಮುಂದಿನ ವರ್ಷ ನೋಡೋಣ’ ಎಂದು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾದವರು ಯಾವ ಅಂಕಿ ಅಂಶದಲ್ಲೂ ಸೇರುವುದಿಲ್ಲ. 31.35 ಕೋಟಿ ಎಂಬುದು ಹೋದವರ ಲೆಕ್ಕ. ಹೋಗದೆ ಉಳಿದವರ ಲೆಕ್ಕ ಅಲ್ಲ.

ನಮ್ಮ ರಾಜ್ಯ ಸರ್ಕಾರ ಒಂದು ಕಡೆಯಿಂದ ಸ್ವಲ್ಪ ಕೈ ಚಾಚಿದ್ದುಂಟು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲು ಹೊರಟಿತು. ಅಂದು 20,000 ರೂಪಾಯಿಯ ಆ ಯಾತ್ರೆಗೆ ಪ್ರತಿ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನ ಕೊಡಲಾಯಿತು. ಅದು ಒಳ್ಳೆಯದೇ. ಆದರೆ ಅದು ಯಾತ್ರೆಗೆ ಕೊಟ್ಟದ್ದು, ವಯಸ್ಸಿಗೆ ಕೊಟ್ಟದ್ದಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಸೊಲ್ಲಾಪುರಕ್ಕೆ ಹೋಗಬೇಕಾದ ಅಜ್ಜಿಗೆ ಅದರಿಂದ ಪ್ರಯೋಜನವಿಲ್ಲ.

ಇನ್ನು ನಿಮ್ಮ ವಿಷಯ. 2020ರಲ್ಲಿ ಉಳಿಸಿಕೊಂಡ ರಿಯಾಯಿತಿಗಳಲ್ಲಿ ವಿದ್ಯಾರ್ಥಿಗಳಿಗೆ ಸೇರಿದವು 8 ಬಗೆ. ಮನೆ ಮತ್ತು ಶಾಲೆ ಕಾಲೇಜುಗಳ ನಡುವೆ ಓಡಾಡಲು ಹೆಣ್ಣುಮಕ್ಕಳಿಗೆ ಪದವಿಯವರೆಗೂ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೂ ಎರಡನೇ ದರ್ಜೆಯ ಮಾಸಿಕ ಪಾಸು ಉಚಿತ. ಹಾಸ್ಟೆಲಿನಿಂದ ಊರಿಗೆ ಹೋಗಲು ಎರಡನೇ ದರ್ಜೆ ಮತ್ತು ಸ್ಲೀಪರಿನಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 75 ರಿಯಾಯಿತಿ. ದೊಡ್ಡಬಳ್ಳಾಪುರದಿಂದ ಯಲಹಂಕದ ಕಾಲೇಜಿಗೆ ಬರುವ ಹುಡುಗಿಯ ಪಾಸು ಉಳಿಯಿತು, ಅವಳ ತಾತನ ‘ಹೌದು’ ಹೋಯಿತು. ಒಂದೇ ಮನೆ, ಒಂದೇ ರೈಲು.

ಮೊಮ್ಮಕ್ಕಳಾದ ನೀವು ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಹಣದ ರಿಯಾಯಿತಿ ಹೋದರೂ ಕೆಳಗಿನ ಬರ್ತಿನ ಸೌಲಭ್ಯ ಹೋಗಿಲ್ಲ. 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ, ಗರ್ಭಿಣಿಯರಿಗೆ ಎಂದು ಪ್ರತಿ ಸ್ಲೀಪರ್ ಬೋಗಿಯಲ್ಲಿ 6ರಿಂದ 7, ಮೂರನೇ ಎ.ಸಿ.ಯಲ್ಲಿ 4ರಿಂದ 5, ಎರಡನೇ ಎ.ಸಿ.ಯಲ್ಲಿ 3ರಿಂದ 4 ಕೆಳ ಬರ್ತುಗಳನ್ನು ತೆಗೆದಿಟ್ಟಿರುತ್ತಾರೆ. ಇದು ಸಿಗಬೇಕಾದರೆ ಒಂದು ಷರತ್ತಿದೆ. ಹಿರಿಯರು ಒಬ್ಬರೇ ಇರಬೇಕು, ಇಲ್ಲವೇ ಅರ್ಹರಾದ ಇಬ್ಬರು ಮಾತ್ರ ಆ ಟಿಕೆಟ್ಟಿನಲ್ಲಿರಬೇಕು. ಮನೆಮಂದಿ ಐದಾರು ಜನ ಹೊರಟಾಗ ನಾವೇನು ಮಾಡುತ್ತೇವೆ? ಎಲ್ಲರ ಹೆಸರನ್ನೂ ಒಂದೇ ಟಿಕೆಟ್ಟಿನಲ್ಲಿ ಹಾಕಿಬಿಡುತ್ತೇವೆ. ಆಗ ಈ ಕೋಟಾ ಸಿಗುವುದಿಲ್ಲ. ಮಂಡಿನೋವಿನ ಅಜ್ಜಿಯ ಪಾಲಿಗೆ ಮೇಲಿನ ಬರ್ತು ಬಂದು, ರಾತ್ರಿಯಿಡೀ ಯಾರನ್ನಾದರೂ ಬೇಡಿಕೊಳ್ಳುವ ಪಾಡಾಗುತ್ತದೆ. ತಾತ ಅಜ್ಜಿಯರ ಟಿಕೆಟ್ಟನ್ನು ಬೇರೆಯಾಗಿ, ಕೋಟಾ ಎಂಬಲ್ಲಿ ಕೆಳ ಬರ್ತ್ ಮತ್ತು ಹಿರಿಯ ನಾಗರಿಕ ಎಂಬುದನ್ನು ಆರಿಸಿ, ಕಾಯ್ದಿರಿಸಿ. ಹಾಗೂ ಸಿಗದಿದ್ದರೆ ಗಾಡಿ ಹೊರಟ ಮೇಲೆ ಟಿಕೆಟ್ ಪರೀಕ್ಷಕರನ್ನು ಕೇಳಿ. ಖಾಲಿ ಉಳಿದ ಕೆಳ ಬರ್ತನ್ನು ಹಿರಿಯರಿಗೆ ಕೊಡುವ ಅವಕಾಶ ಅವರಿಗಿದೆ. ಅಜ್ಜಿಯ ವಯಸ್ಸನ್ನು ಸರಿಯಾಗಿ ಬರೆಯಿರಿ. ರಿಯಾಯಿತಿ ಇಲ್ಲವಲ್ಲ ಎಂದು ಅಲ್ಲಿ ಬಾಯಿಗೆ ಬಂದ ಅಂಕಿ ಹಾಕಬೇಡಿ, ಬರ್ತು ಸಿಗುವುದು ಆ ಅಂಕಿಯಿಂದಲೇ.